ಬೀಗರ ಮನೆಯ ದಾರಿ

ಹೋಳಿ ಹುಣ್ಣಿಮೆ ಕಳೆದು, ಹಿಂಗಾರಿ ಜೋಳದ ರಾಶಿ ಮನೆ ಸೇರುವ ಹೊತ್ತಿಗೆ ಬಾಗಲಕೋಟೆ ಜಿಲ್ಲೆಯ ತೇರದಾಳದಲ್ಲಿ ವರ್ಷವರ್ಷವೂ ಒಂದು ಸಡಗರ ಮೂಡುತ್ತದೆ. ಹೆಂಗಸರು ಜೋಳದ ಕಟಕರೊಟ್ಟಿಗಳನ್ನು ತೆಳ್ಳಗೆ ಬಡಿದು, ಒಣಗಿಸಿ, ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಪುಟಾಣಿ, ಚುರುಮುರಿ ಬುತ್ತಿಯ ಗಂಟಿಗೆ ಸೇರುತ್ತವೆ. ಕಬ್ಬನ್ನು ಕಾರ್ಖಾನೆಗೆ ಸಾಗಿಸಿ ಕೈ ಬಿಡುವಾದ ರೈತರು, ಕೆಲವು ದಿನ ಮಗ್ಗ ನಿಲ್ಲಿಸಿದ ನೇಕಾರರು, ಹದಿಹರೆಯದ ಹುಡುಗರು, ವಯಸ್ಸಾದ ಅಜ್ಜಿಯರು ಓಣಿಯ ಗುಡಿಯ ಮುಂದೆ ಕೂಡುತ್ತಾರೆ. ಮಲ್ಲಯ್ಯನ ಕಂಬಿ ಮುಂದಾಗುತ್ತದೆ. ತಂಡ ಅದರ ಹಿಂದೆ ಶ್ರೀಶೈಲದ ದಾರಿ ಹಿಡಿಯುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಯ ಊರುಗಳಿಂದ, ಬೆಳಗಾವಿ ಮತ್ತು ವಿಜಯಪುರ ಜಿಲ್ಲೆಗಳಿಂದ ಹೊರಟ ಇಂಥ ತಂಡಗಳು ಹಳ್ಳಗಳು ಹೊಳೆಗೆ ಕೂಡುವಂತೆ ದಾರಿಯುದ್ದಕ್ಕೂ ಕೂಡಿಕೊಳ್ಳುತ್ತವೆ. ಯುಗಾದಿಯ ಹೊತ್ತಿಗೆ ಅದೊಂದು ಜನಪ್ರವಾಹವೇ ಆಗಿರುತ್ತದೆ.

ತೇರದಾಳದಿಂದ ಶ್ರೀಶೈಲಕ್ಕೆ ಸುಮಾರು 500 ಕಿಲೋಮೀಟರ್. ಘಟಪ್ರಭೆ, ಮಲಪ್ರಭೆಯ ಕಪ್ಪುನೆಲವನ್ನು ದಾಟಿ, ರಾಯಚೂರು ಸೀಮೆಯ ಬಿಸಿಲನ್ನು ದಾಟಿ, ಆಂಧ್ರದ ಕರ್ನೂಲು, ಆತ್ಮಕೂರುಗಳನ್ನು ಹಿಂದೆ ಹಾಕಿದ ಮೇಲೆ ನಲ್ಲಮಲದ ಬೆಟ್ಟಸಾಲು ಎದುರಾಗುತ್ತದೆ. ಅಲ್ಲಿಂದ ಮುಂದೆ ಡಾಂಬರು ರಸ್ತೆಯಿಲ್ಲ. ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸಬಾಗಿಲು ಎಂಬ ನೆಲೆಗಳನ್ನು ಒಂದೊಂದಾಗಿ ಮುಟ್ಟುತ್ತ ಕಾಲುದಾರಿ ಕಾಡಿನೊಳಗೆ ಸಾಗುತ್ತದೆ. ಭೀಮನಕೊಳ್ಳದ ಆಳಕ್ಕೆ ಇಳಿದು, ಎದುರಿನ ಕಲ್ಲುಮೆಟ್ಟಿಲುಗಳನ್ನು ಏರಿ ಕೈಲಾಸಬಾಗಿಲು ತಲುಪುವ ಹೊತ್ತಿಗೆ ಎಂಥ ಗಟ್ಟಿ ಕಾಲುಗಳೂ ನಡುಗುತ್ತವೆ. ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ಕೊನೆಗೆ ಸೇರಿದ್ದು ಈ ಬೆಟ್ಟದ ಕದಳಿಯನ್ನೇ ಎಂದು ಪರಂಪರೆ ಹೇಳುತ್ತದೆ. ಮಲೆನಾಡಿನವರಿಗೂ ಈ ದಾರಿ ಹೊಸದಲ್ಲ.

ಈ ನಡಿಗೆಗೆ ಒಂದು ಭಾವದ ತಳಹದಿಯಿದೆ. ಕನ್ನಡ ಭಕ್ತರು ಶ್ರೀಶೈಲದ ಭ್ರಮರಾಂಬೆಯನ್ನು ತಮ್ಮ ಮನೆಮಗಳೆಂದು ತಿಳಿಯುತ್ತಾರೆ. ಯುಗಾದಿಗೆ ಅವಳಿಗೆ ಸೀರೆ–ಕುಪ್ಪಸ ಒಯ್ಯುತ್ತಾರೆ. ಹಾಗಾದರೆ ಮಲ್ಲಯ್ಯ ಅಳಿಯ. ಶ್ರೀಶೈಲ ಬೀಗರ ಊರು. ವಿಶೇಷವೆಂದರೆ, ನಲ್ಲಮಲದ ಮೂಲನಿವಾಸಿಗಳಾದ ಚೆಂಚು ಜನರೂ ಮಲ್ಲಯ್ಯನನ್ನು ತಮ್ಮ ಕುಲದ ಹೆಣ್ಣನ್ನು ವರಿಸಿದ ಅಳಿಯನೆಂದೇ ಹೇಳಿಕೊಳ್ಳುತ್ತಾರೆ. ಕೃಷ್ಣೆಯ ದಡದ ರೈತನೂ ನಲ್ಲಮಲದ ಚೆಂಚುವೂ ಒಬ್ಬನೇ ಅಳಿಯನ ಮೂಲಕ ನೆಂಟರು. ಈ ನೆಂಟಸ್ತನದ ಮಾತು ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ಬೆಟ್ಟದಲ್ಲಿ ನಡೆಯುವವರ ಮತ್ತು ಬೆಟ್ಟದಲ್ಲಿ ಬಾಳುವವರ ನಡುವಣ ಸಂಬಂಧ ಹೇಗಿರಬೇಕು ಎಂಬ ಪ್ರಶ್ನೆಗೆ ಅದರಲ್ಲೇ ಉತ್ತರದ ಸುಳಿವಿದೆ.

ಇದೇ ನಾಡಿನ ಇನ್ನೊಂದು ಬಗೆಯ ನಡಿಗೆ ಈಚಿನ ದಶಕಗಳಲ್ಲಿ ಬೆಳೆದಿದೆ. ಬೆಂಗಳೂರು, ಪುಣೆಗಳಲ್ಲಿ ಉದ್ಯೋಗಕ್ಕಿರುವ ಯುವಜನರು ಬೆನ್ನಿಗೆ ಚೀಲ ಏರಿಸಿ, ತಂಡ ಕಟ್ಟಿಕೊಂಡು ಹಿಮಾಲಯದ ಕಣಿವೆಗಳಿಗೆ ಹೋಗುತ್ತಾರೆ. ನೇಪಾಳದ ಕಣಿವೆಗಳಲ್ಲಿ ಡೇರೆ ಹೊರುವ ಅಗತ್ಯವಿಲ್ಲ; ಕೆಲವು ಗಂಟೆಗಳ ನಡಿಗೆಗೊಂದರಂತೆ ಊರಿನವರೇ ನಡೆಸುವ ಟೀ ಹೌಸುಗಳಿವೆ. ಅಲ್ಲಿ ಚಹಾ, ಊಟ, ಹಾಸಿಗೆ ಎಲ್ಲವೂ ಸಿಗುತ್ತದೆ. ಒಂದು ದಾರಿಯಲ್ಲಿ ದಾಸೋಹ, ಇನ್ನೊಂದು ದಾರಿಯಲ್ಲಿ ದುಡ್ಡು. ಒಂದರಲ್ಲಿ ಭಕ್ತಿ, ಇನ್ನೊಂದರಲ್ಲಿ ವಿಹಾರ. ಮೇಲ್ನೋಟಕ್ಕೆ ದಾಸೋಹವೇ ಶ್ರೇಷ್ಠ, ಚಹಾಮನೆ ಬರೀ ವ್ಯಾಪಾರ ಎನಿಸುವುದು ಸಹಜ. ಆದರೆ ಕಾಡಿನ ಕಡೆಯಿಂದ ನೋಡಿದಾಗ ಲೆಕ್ಕ ಬೇರೆಯಾಗುತ್ತದೆ. ಬೆಟ್ಟದ ದಾರಿಯಲ್ಲಿ ಉಣಬಡಿಸುವವನು ಮರುದಿನ ಬೆಳಿಗ್ಗೆ ಅಲ್ಲೇ ಕಣ್ಣು ತೆರೆಯುವವನಾಗಿರಬೇಕು. ಎಂಜಲೆಲೆ ಅವನ ಅಂಗಳದಲ್ಲಿ ಬಿದ್ದಿರಬೇಕು, ಬತ್ತಿದ ಒರತೆ ಅವನದೇ ಆಗಿರಬೇಕು. ಆಗ ಮಾತ್ರ ನಡೆಯುವವರ ಸಂಖ್ಯೆಗೂ ನಡತೆಗೂ ಒಂದು ಮಿತಿ ತಾನಾಗಿ ಬರುತ್ತದೆ.

ಬಯಲಿನ ದಾಸೋಹ, ಕಾಡಿನ ದಾಸೋಹ

ಬಯಲುಸೀಮೆಯಲ್ಲಿ ಈ ಮಾತು ಇಂದಿಗೂ ನಿಜವಾಗಿದೆ. ದಾರಿಯ ಹಳ್ಳಿಗಳಲ್ಲಿ ಯಾತ್ರಿಕರಿಗೆ ಮಜ್ಜಿಗೆ, ಅಂಬಲಿ, ರೊಟ್ಟಿ–ಪಲ್ಲೆ, ಅನ್ನ–ಸಾರು ಕಾದಿರುತ್ತವೆ. ಬೊಬ್ಬೆ ಎದ್ದ ಪಾದಗಳಿಗೆ ಬಿಸಿನೀರು ಹಾಕಿ, ಎಣ್ಣೆ ಹಚ್ಚಿ ತಿಕ್ಕುವ ಯುವಕರಿದ್ದಾರೆ. ಗುಡಿಯ ಕಟ್ಟೆ, ಶಾಲೆಯ ಜಗುಲಿ ಮಲಗಲು ತೆರೆದಿರುತ್ತವೆ. ಉಂಡ ಎಲೆ ಊರ ತಿಪ್ಪೆಗೆ ಹೋಗುತ್ತದೆ. ತಿಪ್ಪೆ ಮುಂಗಾರಿಗೆ ಹೊಲಕ್ಕೆ ಹೋಗುತ್ತದೆ. ಬಾವಿಯ ನೀರು ಇಳಿದರೆ ಊರಿನವರೇ ಮೊದಲು ಎಚ್ಚರಗೊಳ್ಳುತ್ತಾರೆ. ಆತಿಥ್ಯ ಮಾಡಿದವರು ಅಲ್ಲಿಯೇ ಬಾಳುವವರಾದ್ದರಿಂದ ಆತಿಥ್ಯಕ್ಕೆ ಒಂದು ಹದವಿದೆ.

ಕಾಡಿನ ಗಡಿ ದಾಟಿದ ಕೂಡಲೇ ಈ ಹದ ತಪ್ಪುತ್ತದೆ. ನಲ್ಲಮಲ ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಮೀಸಲಿಗೆ ಸೇರಿದ ಕಾಡು. ವಿಸ್ತೀರ್ಣದಲ್ಲಿ ದೇಶದ ಅತಿ ದೊಡ್ಡ ಹುಲಿ ಮೀಸಲುಗಳಲ್ಲೊಂದು. 2014ರಲ್ಲಿ ರಾಜ್ಯ ವಿಭಜನೆಯಾದಾಗ ಇದರ ಉತ್ತರದ ಭಾಗ ತೆಲಂಗಾಣಕ್ಕೆ ಹೋಗಿ ಅಮ್ರಾಬಾದ್ ಮೀಸಲಾಯಿತು. ಇದು ಮಲೆನಾಡಿನಂಥ ನಿತ್ಯಹಸಿರಿನ ಕಾಡಲ್ಲ. ಎಲೆ ಉದುರಿಸುವ ಒಣಕಾಡು. ಯುಗಾದಿ ಬರುವುದು ಮಾರ್ಚ್–ಏಪ್ರಿಲಿನಲ್ಲಿ. ಆಗ ನೆಲದ ಮೇಲೆ ತರಗೆಲೆಯ ಹಾಸು, ಒಣಹುಲ್ಲು. ಒಂದು ಬೀಡಿಯ ತುದಿ, ಆರಿಸದ ಒಂದು ಒಲೆ ಸಾಕು ಬೆಟ್ಟದ ಮಗ್ಗುಲೇ ಹೊತ್ತಿಕೊಳ್ಳಲು. ಹಳ್ಳಗಳು ಬತ್ತಿ ಅಲ್ಲೊಂದು ಇಲ್ಲೊಂದು ಮಡು ಉಳಿದಿರುವ ಕಾಲವೂ ಅದೇ. ಜಿಂಕೆ, ಕಡವೆ, ಕರಡಿ, ಚಿರತೆ, ಹುಲಿ ಎಲ್ಲವೂ ಆ ಮಡುವಿಗೇ ಬರಬೇಕು. ಆ ದಿನಗಳಲ್ಲಿಯೇ ಮನುಷ್ಯರ ಪ್ರವಾಹವೂ ಅದೇ ದಾರಿಯಲ್ಲಿ ಹರಿಯುತ್ತದೆ. ಅರಣ್ಯ ಇಲಾಖೆ ಶಿವರಾತ್ರಿ ಮತ್ತು ಯುಗಾದಿಯ ದಿನಗಳಿಗೆ ಮಾತ್ರ ಈ ಕಾಲುದಾರಿಯನ್ನು ತೆರೆಯುವುದಕ್ಕೆ ಇದೂ ಒಂದು ಕಾರಣ.

ಕಾಡಿನೊಳಗೂ ದಾಸೋಹವಿದೆ. ದೂರದ ಊರುಗಳ ಭಕ್ತರು ಅಕ್ಕಿ, ಬೇಳೆ, ನೀರು ಹೇರಿಕೊಂಡು ಬಂದು, ಚಪ್ಪರ ಹಾಕಿ, ರಾತ್ರಿ ಹಗಲೆನ್ನದೆ ಬಡಿಸುತ್ತಾರೆ. ಅವರ ಶ್ರದ್ಧೆಯನ್ನು ಯಾರೂ ಸಂದೇಹಿಸಬೇಕಾಗಿಲ್ಲ. ಆದರೆ ಚಪ್ಪರ ಕೆಲವೇ ದಿನಗಳದು. ಅದನ್ನು ಕಿತ್ತ ಮೇಲೆ ಅಲ್ಲಿ ಉಳಿಯುವುದು ಪ್ಲಾಸ್ಟಿಕ್ ಲೋಟ, ಥರ್ಮೋಕೋಲ್ ತಟ್ಟೆ, ಖಾಲಿ ಬಾಟಲಿ, ಹಳಸಿದ ಅನ್ನ. ಬಡಿಸಿದವರು ಆಗಲೇ ಊರು ಸೇರಿರುತ್ತಾರೆ. ಹಳಸಿದ ಅನ್ನ ತಿಂದ ಕಾಡುಹಂದಿ ದಾರಿಯ ಬದಿಗೆ ಬರುವುದನ್ನು ಕಲಿಯುತ್ತದೆ. ಉಪ್ಪಿನ ರುಚಿ ಹತ್ತಿದ ಜಿಂಕೆ ಉಪ್ಪಿನಕಾಯಿ ಮೆತ್ತಿದ ಪ್ಲಾಸ್ಟಿಕ್ಕನ್ನೇ ನುಂಗುತ್ತದೆ. ದಾನ ಮಾಡಿದವನ ಪುಣ್ಯ ಒಂದೆಡೆ, ದಾನದ ಕಸ ಇನ್ನೊಂದೆಡೆ.

ಒಂದು ಸರಳ ಲೆಕ್ಕ ಮಾಡಬಹುದು. ಬಿಸಿಲಿನಲ್ಲಿ ಬೆಟ್ಟ ಹತ್ತುವವನಿಗೆ ದಿನಕ್ಕೆ ಕನಿಷ್ಠ 4 ಲೀಟರ್ ನೀರು ಬೇಕು. ಕಾಡಿನಲ್ಲಿ 2 ದಿನವೆಂದರೆ ತಲೆಗೆ 8 ಲೀಟರ್. ಸಾವಿರ ಜನರಿಗೆ 8,000 ಲೀಟರ್. ಇದನ್ನು ಒಂದು ಲೀಟರಿನ ಬಾಟಲಿಗಳಲ್ಲಿ ಕೊಟ್ಟರೆ 8,000 ಬಾಟಲಿಗಳು. ಒಂದೊಂದು ಖಾಲಿ ಬಾಟಲಿ 20 ಗ್ರಾಂ ತೂಗಿದರೂ 160 ಕಿಲೋ ಪ್ಲಾಸ್ಟಿಕ್. ಅದೇ ನೀರನ್ನು ಟ್ರ್ಯಾಕ್ಟರ್ ಹೋಗುವ ನೆಲೆಯವರೆಗೆ ಟ್ಯಾಂಕರಿನಲ್ಲಿ ಒಯ್ದರೆ 4,000 ಲೀಟರಿನ ಎರಡು ಟ್ಯಾಂಕರು ಸಾಕು. ಯಾತ್ರಿಕನ ಹೆಗಲಲ್ಲಿ ಒಂದು ತಂಬಿಗೆಯೋ ಸ್ಟೀಲಿನ ಬಾಟಲಿಯೋ ಇದ್ದರಾಯಿತು. ಖರ್ಚೂ ಕಡಿಮೆ, ಕಸ ಶೂನ್ಯ. ಸಾವಿರದ ಲೆಕ್ಕವೇ ಹೀಗಾದರೆ ಅದರ ಹತ್ತು ಪಟ್ಟು, ನೂರು ಪಟ್ಟು ಜನ ನಡೆದಾಗ ಏನಾದೀತೆಂಬುದನ್ನು ಓದುಗರೇ ಗುಣಿಸಿ ನೋಡಬಹುದು.

ವಿಪರ್ಯಾಸವೆಂದರೆ, ಕಸವಿಲ್ಲದ ದಾರಿಯ ಊಟ ಯಾವುದೆಂಬುದು ತೇರದಾಳದ ಅಜ್ಜಿಗೆ ಯಾವ ಪುಸ್ತಕವೂ ಇಲ್ಲದೆ ಗೊತ್ತಿದೆ. ಕಟಕರೊಟ್ಟಿಯಲ್ಲಿ ನೀರಿನಂಶ ಉಳಿದಿರುವುದಿಲ್ಲ. ಆದ್ದರಿಂದ ಬೂಸ್ಟು ಹಿಡಿಯುವುದಿಲ್ಲ, ವಾರಗಟ್ಟಲೆ ಕೆಡುವುದಿಲ್ಲ. ಎಣ್ಣೆಯಂಶವುಳ್ಳ ಶೇಂಗಾ, ಅಗಸಿ ಅದಕ್ಕೆ ಶಕ್ತಿಯನ್ನೂ ಸಾರವನ್ನೂ ಕೂಡಿಸುತ್ತವೆ. ಕಟ್ಟಲು ಬಟ್ಟೆಯೊಂದು ಸಾಕು. ಹಿಮಾಲಯದ ಭೋಟಿಯರು, ಶೆರ್ಪಾಗಳು ಹುರಿದ ಬಾರ್ಲಿಯ ಹಿಟ್ಟನ್ನು ಚೀಲದಲ್ಲಿ ಹೊತ್ತು, ಚಹಾದಲ್ಲಿ ಕಲಸಿ ತಿನ್ನುತ್ತ ಕಣಿವೆ ದಾಟುತ್ತಿದ್ದುದೂ ಇದೇ ತಿಳಿವಳಿಕೆಯಿಂದ. ಒಣಬೇಸಾಯದ ಧಾನ್ಯ ಮತ್ತು ಕಾಲ್ನಡಿಗೆ ಎರಡೂ ಎಲ್ಲೆಡೆ ಜೊತೆಯಾಗಿ ಬೆಳೆದಿವೆ. ಆ ಬುತ್ತಿಯ ಜಾಗಕ್ಕೆ ಇಂದು ನೂಡಲ್ಸ್ ಪೊಟ್ಟಣ, ಬಿಸ್ಕೀಟು ಪೊಟ್ಟಣಗಳು ಬಂದಿವೆ, ಅಲ್ಲಿಯೂ ಇಲ್ಲಿಯೂ.

ಚಹಾಮನೆಯ ಪಾಠ

ನೇಪಾಳದ ಚಹಾಮನೆಗಳು ಪ್ರವಾಸಿಗರಿಗಾಗಿ ಹುಟ್ಟಿದವಲ್ಲ. ಟಿಬೆಟಿನ ಉಪ್ಪು ಕೆಳಗಿಳಿದು, ಕೆಳಗಿನ ಧಾನ್ಯ ಮೇಲೇರುತ್ತಿದ್ದ ಕಾಲದಲ್ಲಿ ವ್ಯಾಪಾರಿಗಳಿಗೂ ಹೊರೆಯಾಳುಗಳಿಗೂ ಊಟ, ಆಸರೆ ಕೊಡುತ್ತಿದ್ದ ಭಟ್ಟಿಗಳೇ ಅವುಗಳ ಮೂಲ. ಕಾಳಿಗಂಡಕಿ ಕಣಿವೆಯಲ್ಲಿ ಥಕಾಲಿ ಹೆಂಗಸರು ನಡೆಸುತ್ತಿದ್ದ ಭಟ್ಟಿಗಳು ಹೆಸರಾಗಿದ್ದವು. ಚಾರಣಿಗರು ಬರತೊಡಗಿದ ಮೇಲೆ ಅದೇ ಒಲೆ, ಅದೇ ಮನೆ ದೊಡ್ಡದಾಯಿತು. ಮಲಗುವ ಹಾಸಿಗೆಗೆ ಅಲ್ಲಿ ಅಲ್ಪ ಹಣ. ಆದರೆ ಊಟ ಅಲ್ಲಿಯೇ ಮಾಡಬೇಕು ಎಂಬುದು ದಾರಿಯ ರೂಢಿ. ಪ್ರತಿ ಮೂಟೆಯೂ ಆಳಿನ ಬೆನ್ನ ಮೇಲೋ ಹೇಸರಗತ್ತೆಯ ಮೇಲೋ ಬರಬೇಕಾದ್ದರಿಂದ ಮೇಲೇರಿದಂತೆಲ್ಲ ಬೆಲೆಯೂ ಏರುತ್ತದೆ. ಆ ಏರಿದ ಬೆಲೆಯೇ ನಡೆಯುವವನಿಗೆ ಬೆಟ್ಟದ ದೂರವನ್ನು ತಿಳಿಸುತ್ತದೆ.

ಭಾರತದ ಹಿಮಾಲಯದಲ್ಲಿಯೂ ಇಂಥದೇ ವ್ಯವಸ್ಥೆಯಿತ್ತು. ಬದರಿ–ಕೇದಾರದ ದಾರಿಯಲ್ಲಿ ಮೋಟಾರು ರಸ್ತೆ ಬರುವ ಮೊದಲು ಕೆಲವು ಮೈಲಿಗೊಂದು ಚಟ್ಟಿ ಇತ್ತು. ಯಾತ್ರಿಕ ಅಲ್ಲಿನ ಅಂಗಡಿಯಲ್ಲಿ ಹಿಟ್ಟು, ಬೇಳೆ ಕೊಂಡರೆ ಮಲಗಲು ಜಾಗ, ಬೇಯಿಸಲು ಪಾತ್ರೆ ಪುಕ್ಕಟೆ. ಹನುಮಾನ್ ಚಟ್ಟಿ, ಜಾನಕಿ ಚಟ್ಟಿ ಎಂಬ ಹೆಸರುಗಳು ಆ ಕಾಲದ ನೆನಪಾಗಿ ಉಳಿದಿವೆ. ರಸ್ತೆ ಬಂತು, ಬಸ್ಸು ಬಂತು, ಚಟ್ಟಿಗಳು ಅಳಿದವು. ಯಾತ್ರಿಕರ ಸಂಖ್ಯೆ ಹಲವು ಪಟ್ಟು ಹೆಚ್ಚಿತು; ಪ್ರತಿ ಮೈಲಿಯಲ್ಲೂ ಅವರನ್ನು ಎದುರುಗೊಳ್ಳುತ್ತಿದ್ದ ಆತಿಥೇಯ ಮಾತ್ರ ಕಾಣೆಯಾದ.

ಚಹಾಮನೆಯ ವ್ಯವಸ್ಥೆ ನಿರ್ದೋಷಿಯೆಂದು ಹೇಳಲಾಗದು. ಚಾರಣಿಗರ ಬಿಸಿನೀರಿನ ಸ್ನಾನಕ್ಕಾಗಿ, ಅವರ ಹತ್ತು ಬಗೆಯ ಅಡಿಗೆಗಾಗಿ ಎಷ್ಟೋ ವರ್ಷಗಳ ಬೆಳವಣಿಗೆಯ ಗುರಾಸ್, ಜುನಿಪರ್ ಮರಗಳು ಒಲೆಗೆ ಹೋದವು. ದಾರಿಯ ಮೇಲಿನ ಮನೆಗಳಿಗೆ ಹಣ ಬಂತು, ದಾರಿಯಿಂದ ದೂರದ ಹಳ್ಳಿಗಳು ಬಡವಾಗಿಯೇ ಉಳಿದವು. ಆದರೆ ಅಲ್ಲಿನ ಜನ ಈ ದೋಷಗಳನ್ನು ಗುರುತಿಸಿ ತಿದ್ದಲು ಹೊರಟರು ಎಂಬುದು ಗಮನಾರ್ಹ. 1986ರಲ್ಲಿ ಘಂದ್ರುಕ್ ಹಳ್ಳಿಯಿಂದ ಆರಂಭವಾದ ಅನ್ನಪೂರ್ಣ ಸಂರಕ್ಷಣಾ ಪ್ರದೇಶ ಯೋಜನೆ ಚಾರಣಿಗರ ಪ್ರವೇಶ ಶುಲ್ಕವನ್ನು ಸ್ಥಳೀಯ ಕೆಲಸಗಳಿಗೇ ಬಳಸುವ ಕ್ರಮ ತಂದಿತು. ವಸತಿಮನೆಗಳ ಸಮಿತಿಗಳು ಊಟದ ಪಟ್ಟಿಯನ್ನೂ ಬೆಲೆಯನ್ನೂ ಒಟ್ಟಾಗಿ ಗೊತ್ತುಮಾಡಿದವು. ಸೌದೆಯ ಬದಲು ಸೀಮೆಎಣ್ಣೆ ಬಳಸುವ ನಿಯಮ ಬಂತು. ಮುಂದೆ ಹಳ್ಳಿಗಳಲ್ಲಿ ಶುದ್ಧ ನೀರಿನ ಕೇಂದ್ರಗಳು ತೆರೆದು, ಬಾಟಲಿ ನೀರಿನ ಅಗತ್ಯವೇ ಕಡಿಮೆಯಾಯಿತು. ಎವರೆಸ್ಟ್ ತಪ್ಪಲಿನ ಖುಂಬು ಪ್ರದೇಶದಲ್ಲಿ ಶೆರ್ಪಾಗಳು 1991ರಲ್ಲಿಯೇ ತಮ್ಮದೇ ಮಾಲಿನ್ಯ ನಿಯಂತ್ರಣ ಸಮಿತಿ ಕಟ್ಟಿಕೊಂಡರು. 2020ರಿಂದ ಅಲ್ಲಿನ ಗ್ರಾಮಪಾಲಿಕೆ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕನ್ನು ನಿಷೇಧಿಸಿದೆ. ಕೆಳಗಿಳಿಯುವ ಚಾರಣಿಗರ ಕೈಗೆ ಒಂದೊಂದು ಕಿಲೋ ಕಸದ ಚೀಲ ಕೊಟ್ಟು ಲುಕ್ಲಾದವರೆಗೆ ಹೊರಿಸುವ ಪದ್ಧತಿಯೂ ಅಲ್ಲಿ ಬಂದಿದೆ.

ಲಾಂಗ್ಟಾಂಗ್ ಕಣಿವೆಯ ಕಥೆ ಇನ್ನೂ ಆಳವಾದುದು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಹಿಮ ಮತ್ತು ಬಂಡೆ ಕುಸಿದು ಲಾಂಗ್ಟಾಂಗ್ ಹಳ್ಳಿ ಹೆಚ್ಚುಕಡಿಮೆ ಪೂರ್ತಿ ಹೂತುಹೋಯಿತು. ಹಳ್ಳಿಗರೂ ಅವರ ಚಹಾಮನೆಗಳಲ್ಲಿ ತಂಗಿದ್ದ ಅತಿಥಿಗಳೂ ಒಂದೇ ಹಿಮದಡಿ ಮಡಿದರು. ಉಳಿದವರು ಹಳೆಯ ಜಾಗದ ಮೇಲುಮಗ್ಗುಲಲ್ಲಿ ಮತ್ತೆ ಮನೆ ಕಟ್ಟಿ, ಮತ್ತೆ ಒಲೆ ಹಚ್ಚಿದರು. ಇಂದು ಕ್ಯಾಂಜಿನ್ ಗುಂಪಾದತ್ತ ನಡೆಯುವ ತಂಡಗಳು ಆ ಕಲ್ಲುರಾಶಿಯ ಮೇಲೆಯೇ ಹಾದುಹೋಗುತ್ತವೆ. ಅಂಥ ಮನೆಯಲ್ಲಿ ಉಣ್ಣುವವನಿಗೆ ತಾನು ಗಿರಾಕಿಯಷ್ಟೇ ಅಲ್ಲ, ಬದುಕುಳಿದವರ ಮನೆಯ ಅತಿಥಿ ಎಂಬುದು ಯಾರೂ ಹೇಳದೆ ಅರಿವಾಗುತ್ತದೆ. ಉಂಡ ಮನೆಯ ಜಂತೆ ಎಣಿಸಬಾರದು ಎಂಬ ಕನ್ನಡದ ಗಾದೆಗೆ ಬೆಟ್ಟದಲ್ಲಿ ಇನ್ನೊಂದು ಅರ್ಥವಿದೆ: ಜಂತೆಯನ್ನು ಎಣಿಸುವುದಿರಲಿ, ಅದನ್ನು ಕಿತ್ತು ಒಲೆಗೆ ಇಡುವಂತೆಯೂ ಮಾಡಬಾರದು.

ಆತಿಥೇಯನಿಲ್ಲದ ದಾರಿ

ಆತಿಥೇಯನ ಮಾತು ಕಾಡಿನ ರಕ್ಷಣೆಗೆ ಮಾತ್ರವಲ್ಲ, ನಡೆಯುವವರ ಜೀವಕ್ಕೂ ಬೇಕು. 2024ರ ಮೇ ಕೊನೆಯಲ್ಲಿ ಉತ್ತರಾಖಂಡದ ಸಹಸ್ರತಾಲಕ್ಕೆ ಹೊರಟ 22 ಜನರ ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು. ಆ ದಾರಿಯಲ್ಲಿ ಹಳ್ಳಿ ಮುಗಿದ ಮೇಲೆ ಚಹಾಮನೆಯಿಲ್ಲ, ಡೇರೆಯೇ ಗತಿ. ಜೂನ್ 3ರಂದು 4,000 ಮೀಟರಿಗೂ ಮೇಲಿನ ಬಯಲಿನಲ್ಲಿ ಹಿಮಗಾಳಿ ಬೀಸಿತು. 9 ಜನ ಮರಳಲಿಲ್ಲ. ಉಳಿದವರನ್ನು ಸ್ಥಳೀಯರು, ವಿಪತ್ತು ದಳ, ವಾಯುಪಡೆಯ ಹೆಲಿಕಾಪ್ಟರುಗಳು ಸೇರಿ ಕೆಳಗಿಳಿಸಬೇಕಾಯಿತು. ತಪ್ಪು ಯಾರದೆಂಬ ವಿಚಾರ ತನಿಖೆಗೆ ಬಿಟ್ಟದ್ದು. ಆದರೆ ಒಂದು ಪಾಠ ಸ್ಪಷ್ಟ. ಮೋಡದ ಬಣ್ಣ ನೋಡಿ, ಇವತ್ತು ಹೊರಡಬೇಡಿ ಎಂದು ಬಾಗಿಲಲ್ಲಿ ನಿಂತು ಹೇಳುವ ಮನೆಯೊಂದು ದಾರಿಯಲ್ಲಿದ್ದರೆ, ಆ ಮಾತನ್ನು ಕೇಳುವ ವಿನಯ ತಂಡಕ್ಕಿದ್ದರೆ, ಬೆಟ್ಟದ ಅಪಾಯ ಅರ್ಧ ಕಡಿಮೆಯಾಗುತ್ತದೆ. ಹಣ ಕೊಟ್ಟಾಗಿದೆ, ರಜೆ ಮುಗಿಯುತ್ತಿದೆ ಎಂಬ ಅವಸರಕ್ಕೆ ಬೆಟ್ಟ ಎಂದೂ ಕಿವಿಗೊಟ್ಟಿಲ್ಲ.

ಮಲೆನಾಡಿಗೂ ಇದರ ಅನುಭವ ಬಂದಾಗಿದೆ. ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತಕ್ಕೆ ಏರುವ ದಾರಿಯ ನಡುವೆ ಗಿರಿಗದ್ದೆಯ ಭಟ್ಟರ ಮನೆ ದಶಕಗಳ ಕಾಲ ಚಾರಣಿಗರಿಗೆ ಅನ್ನ–ಸಾರು ಬಡಿಸಿದೆ. ಕರ್ನಾಟಕದಲ್ಲಿ ಹಿಮಾಲಯದ ಚಹಾಮನೆಗೆ ಹೋಲಿಸಬಹುದಾದ ಮನೆಯೊಂದಿದ್ದರೆ ಅದೇ. ಬರುವವರು ಕೆಲವರಾಗಿದ್ದಾಗ ಒಂದು ಮನೆಯ ಒಲೆ, ಒಂದು ಒರತೆಯ ನೀರು ಎಲ್ಲರಿಗೂ ಸಾಕಾಗುತ್ತಿತ್ತು. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಜನ ಒಮ್ಮೆಗೇ ಏರಿ, ಬೆಟ್ಟದ ಬೆನ್ನ ಮೇಲೆ ಜಾತ್ರೆಯ ಸಾಲು ನಿಂತ ದೃಶ್ಯವನ್ನು ನಾಡೇ ನೋಡಿತು. ಸರ್ಕಾರ ಕೂಡಲೇ ಚಾರಣ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆನ್‌ಲೈನ್ ಕಾಯ್ದಿರಿಸುವಿಕೆ ತಂದು ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಹಾಕಿತು.

ಮಿತಿ ಬಂದದ್ದು ಒಳ್ಳೆಯದೇ. ಆದರೆ ಎಲ್ಲ ಬೆಟ್ಟಗಳಿಗೂ ಒಂದೇ ಸಂಖ್ಯೆ ಹೊಂದುವುದಿಲ್ಲ. ಸೊಪ್ಪಿನ ಬೆಟ್ಟದಿಂದ ವರ್ಷಕ್ಕೆ ಎಷ್ಟು ಹೊರೆ ಸೊಪ್ಪು ತರಬಹುದೆಂಬುದು ಅದರ ಬದಿಯ ತೋಟಿಗನಿಗೆ ಗೊತ್ತು. ಎಲ್ಲ ಬೆಟ್ಟಕ್ಕೂ ಒಂದೇ ಲೆಕ್ಕವೆಂದರೆ ಅವನು ನಗುತ್ತಾನೆ. ಬೇಸಿಗೆಯ ಕೊನೆಯಲ್ಲಿ ಒರತೆ ದಿನಕ್ಕೆ ಎಷ್ಟು ಕೊಡ ನೀರು ಕೊಡುತ್ತದೆ, ಅದರಲ್ಲಿ ಮನೆಗೆಷ್ಟು, ದನಕ್ಕೆಷ್ಟು, ಕಾಡುಪ್ರಾಣಿಗೆಷ್ಟು, ಉಳಿದದ್ದು ಎಷ್ಟು ಅತಿಥಿಗಳಿಗೆ ಸಾಲುತ್ತದೆ ಎಂಬ ಎಣಿಕೆಯಿಂದ ಸಂಖ್ಯೆ ಹುಟ್ಟಬೇಕು. ಮಳೆಗಾಲದಲ್ಲಿ ದಾರಿಯ ಮಣ್ಣು ಕೊಚ್ಚಿಹೋಗುವ ಬೆಟ್ಟಕ್ಕೆ ಆ ತಿಂಗಳುಗಳಲ್ಲಿ ಸಂಖ್ಯೆ ಸೊನ್ನೆಯೇ ಆಗಬಹುದು. ಇಂಥ ಎಣಿಕೆ ಬೆಟ್ಟದಲ್ಲಿ ಬಾಳುವವರಿಂದ ಮಾತ್ರ ಸಾಧ್ಯ.

ಎರಡು ಆಕ್ಷೇಪಗಳು

ಭಕ್ತಿಗೆ ಲೆಕ್ಕ ಹಾಕಬಾರದು, ಪಾದಯಾತ್ರೆಯನ್ನು ಚಾರಣದೊಡನೆ ತೂಗಬಾರದು ಎಂಬುದು ಮೊದಲ ಆಕ್ಷೇಪ. ಅದರಲ್ಲಿ ಸತ್ಯಾಂಶವಿದೆ. ಚಾರಣ ಹಣವುಳ್ಳವರದು, ಪಾದಯಾತ್ರೆಯಲ್ಲಿ ಕೈಯಲ್ಲಿ ಬಿಡಿಗಾಸಿಲ್ಲದ ಕೂಲಿಯಾಳೂ 500 ಕಿಲೋಮೀಟರ್ ನಡೆದು ದೇವರನ್ನು ಕಾಣಬಲ್ಲ. ಆ ಬಾಗಿಲನ್ನು ಶುಲ್ಕ ಹಾಕಿ ಮುಚ್ಚಕೂಡದು. ಆದರೆ ಮಿತಿಯೆಂದರೆ ಶುಲ್ಕವೇ ಆಗಬೇಕಿಲ್ಲ. ಊರೂರಿನ ತಂಡಗಳು ಹೊರಡುವ ದಿನವನ್ನು ಹಂಚಿಕೊಂಡರೆ ಒಂದೇ ದಿನ ಕಾಡಿನಲ್ಲಿ ಸೇರುವ ಜನ ಅರ್ಧವಾಗುತ್ತದೆ. ಕಂಬಿ ಹೊರುವ ತಂಡಕ್ಕೆ ಶಿಸ್ತು ಹೊಸದಲ್ಲ. ಹೊರಡುವ ಹೊತ್ತು, ಉಣ್ಣುವ ಹೊತ್ತು, ನಡೆನುಡಿಯ ನೇಮ ಎಲ್ಲವೂ ಅಲ್ಲಿವೆ. ಕಸದ ನೇಮವೊಂದನ್ನು ಅದಕ್ಕೆ ಕೂಡಿಸಿದರೆ ಭಕ್ತಿಗೆ ಊನವಾಗದು.

ಚಹಾಮನೆಯ ವ್ಯಾಪಾರ ಕಾಡಿಗೆ ಬಂದರೆ ಸುಲಿಗೆ ಆರಂಭವಾಗುತ್ತದೆ ಎಂಬುದು ಎರಡನೆಯದು. ಇದಕ್ಕೂ ಆಧಾರವಿದೆ. 2022ರ ಮಾರ್ಚ್ ಕೊನೆಯಲ್ಲಿ, ಯುಗಾದಿಗೆ ಮುನ್ನ, ಶ್ರೀಶೈಲದ ಚಹಾದಂಗಡಿಯೊಂದರಲ್ಲಿ ಹುಟ್ಟಿದ ಮಾತಿನ ಜಗಳ ಮಧ್ಯರಾತ್ರಿಯ ಗಲಭೆಯಾಗಿ ಬೆಳೆಯಿತು. ಕರ್ನಾಟಕದ ಯಾತ್ರಿಕರೊಬ್ಬರು ತೀವ್ರವಾಗಿ ಗಾಯಗೊಂಡರು; ಅಂಗಡಿಗಳು, ವಾಹನಗಳು ಹಾಳಾದವು. ಬೀಗರ ಊರಿನಲ್ಲಿ ನಡೆಯಬಾರದ್ದು ನಡೆಯಿತು. ಹಬ್ಬದ ಕೆಲವು ದಿನಗಳಲ್ಲಿ ವರ್ಷದ ಗಳಿಕೆ ತೆಗೆಯಬೇಕೆಂಬ ಅಂಗಡಿ, ಇನ್ನೆಂದೂ ಕಾಣದ ಗಿರಾಕಿ, ಇವರಿಬ್ಬರ ನಡುವೆ ನಂಬಿಕೆ ಹುಟ್ಟುವುದು ಕಷ್ಟ. ಅನ್ನಪೂರ್ಣದ ಹಳ್ಳಿಗಳು ಬೆಲೆಯನ್ನು ಸಮಿತಿಯಲ್ಲಿ ಕೂತು ಗೊತ್ತುಮಾಡಿ ಫಲಕಕ್ಕೆ ಬರೆದದ್ದು ಇಂಥ ಜಗಳಗಳನ್ನು ತಡೆಯುವ ದಾರಿಯೇ. ವ್ಯಾಪಾರ ಬೇಡವೆನ್ನುವುದಕ್ಕಿಂತ, ವ್ಯಾಪಾರಕ್ಕೆ ಊರಿನ ಕಣ್ಗಾವಲು ಬೇಕೆನ್ನುವುದು ಸರಿಯಾದೀತು.

ಮಾಡಬಹುದಾದದ್ದು

ನಲ್ಲಮಲದ ದಾರಿಯ ವಿಚಾರದಲ್ಲಿ ಮೊದಲ ಮಾತು ಚೆಂಚುಗಳದಾಗಬೇಕು. ಪೆದ್ದಚೆರುವಿನಂಥ ನೆಲೆಗಳಲ್ಲಿ ಅವರ ಗೂಡೆಂಗಳಿವೆ. ಯಾವ ಮಡು ಯಾವ ತಿಂಗಳಲ್ಲಿ ಬತ್ತುತ್ತದೆ, ಕರಡಿ ಯಾವ ಹೊತ್ತಿಗೆ ದಾರಿಗಿಳಿಯುತ್ತದೆ ಎಂಬುದು ಅವರಿಗೆ ತಿಳಿದಷ್ಟು ಇನ್ನಾರಿಗೂ ತಿಳಿಯದು. ದಾಸೋಹಕ್ಕೆ ಬರುವ ತಂಡಗಳು ಚಪ್ಪರದ ಜಾಗ, ನೀರಿನ ನೆಲೆ, ಒಲೆಯ ಸ್ಥಳವನ್ನು ಅವರನ್ನೂ ಇಲಾಖೆಯನ್ನೂ ಕೇಳಿ ಗೊತ್ತುಮಾಡಬೇಕು. ದಾರಿ ತೋರುವ, ನೀರು ಹಂಚುವ, ಬೆಂಕಿ ಕಾಯುವ ಕೆಲಸವನ್ನು ಚೆಂಚು ಯುವಕ ಯುವತಿಯರಿಗೆ ಕೂಲಿ ಕೊಟ್ಟು ವಹಿಸಬೇಕು. ದಾಸೋಹಕ್ಕೆ ಕೂಡಿಸಿದ ಹಣದಲ್ಲಿ ಒಂದು ಪಾಲು ಇದಕ್ಕೆ ಮೀಸಲಾದರೆ ಅದೂ ದಾಸೋಹವೇ.

ತೇರದಾಳ, ಜಮಖಂಡಿ, ರಬಕವಿ–ಬನಹಟ್ಟಿಯ ತಂಡಗಳು ತಾವಾಗಿ ಮಾಡಬಹುದಾದದ್ದೂ ಇದೆ. ಪ್ರತಿ ಯಾತ್ರಿಕನ ಗಂಟಿನಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ನೀರಿನ ಪಾತ್ರೆ. ತಂಡಕ್ಕೊಂದು ಕಸದ ಚೀಲ. ಕಂಬಿಯಂತೆ ಅದನ್ನೂ ಸರದಿಯಲ್ಲಿ ಹೊತ್ತು ಕಾಡಿನಾಚೆ ತರಬೇಕು. ಕಾಡಿನೊಳಗೆ ಒಲೆಯೂ ಇಲ್ಲ, ಬೀಡಿಯೂ ಇಲ್ಲ. ಆ ಎರಡು ದಿನಕ್ಕೆ ಕಟಕರೊಟ್ಟಿಯೇ ಊಟ. ಬಡಿಸಲೇಬೇಕಿದ್ದರೆ ಮುತ್ತುಗದ ಎಲೆ, ಟ್ಯಾಂಕರಿನ ನೀರು. ಇಷ್ಟಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಹೊರಡುವ ಮುನ್ನ ಗುಡಿಯ ಮುಂದೆ ಹಿರಿಯರು ಹೇಳಿದರೆ ಸಾಕು.

ಮಲೆನಾಡಿನ ಹಳ್ಳಿಗಳು ಜನಸಂದಣಿ ಬರುವ ಮೊದಲೇ ಕೂತು ಮಾತಾಡಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನಂಚಿನ ಗ್ರಾಮಸಭೆಗಳಿಗೆ ತಮ್ಮ ಕಾಡು, ಜಲಮೂಲ, ವನ್ಯಜೀವಿಗಳನ್ನು ಕಾಯುವ ಅಧಿಕಾರ ಕೊಟ್ಟಿದೆ. ಆ ಅಧಿಕಾರವನ್ನು ಬಳಸಿ ತಂತಮ್ಮ ಬೆಟ್ಟದ ದಾರಿಯ ಲೆಕ್ಕವನ್ನು ಬರೆದಿಡಬೇಕು. ಇದರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಒಳ್ಳೆಯ ಕೆಲಸವಿದೆ. ಒಂದು ಕೊಡ, ಒಂದು ಗಡಿಯಾರ ಹಿಡಿದು ಊರಿನ ಒರತೆಯ ನೀರನ್ನು ತಿಂಗಳಿಗೊಮ್ಮೆ ಅಳೆದು, ಒಂದು ವರ್ಷದ ಪಟ್ಟಿ ಮಾಡಿದರೆ ಸಾಕು, ಗ್ರಾಮಸಭೆಯ ಕೈಗೆ ಯಾರೂ ತಳ್ಳಿಹಾಕಲಾಗದ ದಾಖಲೆ ಸಿಗುತ್ತದೆ. ಆ ಪಟ್ಟಿಯ ಅತಿ ಸಣ್ಣ ಸಂಖ್ಯೆಯೇ ಆ ಬೆಟ್ಟದ ಮಿತಿ.

ಮಲೆನಾಡಿನ ಮನೆಗಳಲ್ಲಿ ಬಾಯಾರಿ ಬಂದವನಿಗೆ ಬೆಲ್ಲ–ನೀರು ಕೊಡುವ ಸಂಪ್ರದಾಯ ಇಂದಿಗೂ ಇದೆ. ಕೊಡುವ ಕೈಗೆ ಒರತೆ ಎಲ್ಲಿದೆಯೆಂದು ಗೊತ್ತಿರುತ್ತದೆ. ಕುಡಿಯುವವನಿಗೂ ಅದು ಗೊತ್ತಿರಬೇಕು. ಯುಗಾದಿಗೆ ಮಗಳ ಮನೆಗೆ ಹೋದ ತಂದೆತಾಯಿ ಅವಳ ಹಿತ್ತಿಲ ಬಾವಿ ಬರಿದುಮಾಡಿ, ಅಂಗಳದಲ್ಲಿ ಎಂಜಲೆಲೆ ಚೆಲ್ಲಿ ಮರಳುವುದಿಲ್ಲ. ಶ್ರೀಶೈಲಕ್ಕೆ ಸೀರೆ–ಕುಪ್ಪಸ ಒಯ್ಯುವ ತೇರದಾಳದವರು ಈ ರೀತಿಯನ್ನು ಬಲ್ಲವರು. ಕಾಡಿನ ದಾರಿಯೂ ಆ ಮಗಳ ಅಂಗಳವೇ ಎಂದು ತಿಳಿದು ನಡೆದರೆ ನಲ್ಲಮಲವೂ ಉಳಿದೀತು, ಯಾತ್ರೆಯೂ ಉಳಿದೀತು.